ತೊಂಬತ್ತೊಂದರ ಮನೆ

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಹನ್ನೆರಡರ ಮಗ್ಗಿ ಮುಗಿದ ಮೇಲೆ ಹದಿನಾಲ್ಕರ ಮಗ್ಗಿ ಬರುತ್ತಿತ್ತು. ಹದಿಮೂರು ಎಂಬ ಸಂಖ್ಯೆ ನನಗೆ ಗೊತ್ತಿರಲಿಲ್ಲವೆಂದಲ್ಲ. ಎಣಿಸುವಾಗ ಅದನ್ನು ದಾಟಿಕೊಂಡೇ ಮುಂದೆ ಹೋಗುತ್ತಿದ್ದೆ. ಆದರೆ ಅದಕ್ಕೂ ಒಂದು ಮಗ್ಗಿ ಇರುತ್ತದೆಂದು ಒಂಬತ್ತು ತುಂಬುವವರೆಗೆ ಹೊಳೆದಿರಲಿಲ್ಲ. ಸಂಜೆ ಅಪ್ಪನ ತಂಗಿ ಗೌರತ್ತೆ ದೇವರ ಮುಂದೆ ದೀಪ ಹಚ್ಚಿದ ಕೂಡಲೇ ನಾನು ಕೈಕಾಲು ತೊಳೆದು ಬಂದು ನಡುಮನೆಯಲ್ಲಿ ಕೂರಬೇಕು. ಕಂಬಕ್ಕೆ ಒರಗಿದರೆ ಅಜ್ಜಿ ಬೈಯುತ್ತಿದ್ದಳು. ಮೊದಲು ವಾರ, ತಿಂಗಳು, ನಕ್ಷತ್ರ, ಆಮೇಲೆ ಮಗ್ಗಿ. ಹನ್ನೆರಡು ಹತ್ತಲ ನೂರಿಪ್ಪತ್ತು ಎಂದು ನಾನು ಉಸಿರು ಬಿಟ್ಟಾಗ ಅಪ್ಪ ಕಣ್ಣು ಮುಚ್ಚಿಕೊಂಡೇ "ಹ್ಞೂ, ಹದಿನಾಲ್ಕು" ಎನ್ನುತ್ತಿದ್ದರು. ಇಪ್ಪತ್ತಕ್ಕೆ ಮುಗಿಯುತ್ತಿತ್ತು. ನಮ್ಮ ಶಾಲೆಯಲ್ಲಿ ಹತ್ತರವರೆಗೆ ಮಾತ್ರ ಹೇಳಿಕೊಟ್ಟು, ಉಳಿದದ್ದನ್ನು ಮನೆಯಲ್ಲಿ ಕಲಿಯಿರಿ ಎನ್ನುತ್ತಿದ್ದರು. ನಾನು ಮನೆಯಲ್ಲಿ ಕಲಿತದ್ದು ಇಷ್ಟು.

ಆ ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪ ಹೊಳೆಯಾಚೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಬೆಳಿಗ್ಗೆ ಸೈಕಲ್ ಏರಿ ಹೋದರೆ ಸಂಜೆ ಬರುತ್ತಿದ್ದರು. ಅಜ್ಜಿ ಅಪ್ಪನ ತಾಯಿ. ಗೌರತ್ತೆಯನ್ನು ಅರಕಲಗೂಡಿಗೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಒಂದು ಟ್ರಂಕು ಹಿಡಿದುಕೊಂಡು ವಾಪಸು ಬಂದವಳು ಯಾಕೆ ಬಂದೆನೆಂದು ಹೇಳಲಿಲ್ಲ, ಮತ್ತೆ ಹೋಗಲೂ ಇಲ್ಲ. ನನಗೆ ನಾಲ್ಕು ತುಂಬುವ ಮೊದಲೇ ಅಮ್ಮ ತೀರಿಕೊಂಡಿದ್ದರು. ಅಮ್ಮನ ಮುಖ ನೆನಪಿಲ್ಲ. ಅವರು ಮಲಗುತ್ತಿದ್ದ ಕೋಣೆಯಲ್ಲಿ ಆಮೇಲೆ ರಾಗಿ ಮೂಟೆ ಇಟ್ಟರು, ಹಾಗಾಗಿ ಅಮ್ಮ ಎಂದರೆ ನನಗೆ ಗೋಣಿಯ ವಾಸನೆ. ಊಟದ ಹೊತ್ತಿನಲ್ಲೂ ಮಾತಿರಲಿಲ್ಲ. ಅಪ್ಪ ಅನ್ನಕ್ಕೆ ಸಾರು ಬೇಕಾದರೆ ಎಡಗೈ ಸ್ವಲ್ಪ ಎತ್ತುತ್ತಿದ್ದರು, ಮಜ್ಜಿಗೆ ಸಾಕಾದರೆ ಅದೇ ಕೈಯನ್ನು ಅಡ್ಡ ಹಿಡಿಯುತ್ತಿದ್ದರು. ದಿನವಿಡೀ ಬಾಯಿ ಬಿಡದ ಆ ಮನುಷ್ಯ ಮಗ್ಗಿಯ ನಂತರದ ಅರ್ಧ ಗಂಟೆ ಮಾತ್ರ ಬೇರೆಯವರಾಗುತ್ತಿದ್ದರು. ನನ್ನ ಪಾಲಿಗೆ ಅಪ್ಪನೆಂದರೆ ಆ ಅರ್ಧ ಗಂಟೆ.

ಆ ಹೊತ್ತಿನಲ್ಲಿ ನಮ್ಮದೊಂದು ಆಟವಿತ್ತು. ಅಪ್ಪ ನೂರರೊಳಗಿನ ಒಂದು ಸಂಖ್ಯೆ ಹೇಳುವರು; ಅದು ಯಾವ ಮಗ್ಗಿಯ ಮನೆಯದೆಂದು ನಾನು ಹೇಳಬೇಕು. ನಲವತ್ತೊಂಬತ್ತು ಏಳರ ಮನೆಯದು. ಎಪ್ಪತ್ತೇಳು ಹನ್ನೊಂದರ ಮನೆಯದು. ಸಮಸಂಖ್ಯೆಯಾದರೆ ಎರಡರದು, ಕೊನೆಗೆ ಐದೋ ಸೊನ್ನೆಯೋ ಇದ್ದರೆ ಐದರದು, ಅಂಕಿಗಳನ್ನು ಕೂಡಿದಾಗ ಮೂರರ ಲೆಕ್ಕಕ್ಕೆ ಬಂದರೆ ಮೂರರದು ಎಂಬ ಉಪಾಯಗಳನ್ನು ಅವರೇ ಹೇಳಿಕೊಟ್ಟಿದ್ದರು. ಏಳಕ್ಕೆ ಅಂಥ ಸುಲಭದ ಉಪಾಯವಿಲ್ಲ, ಮಗ್ಗಿಯನ್ನೇ ನಂಬಬೇಕು ಎನ್ನುತ್ತಿದ್ದರು. ಯಾವ ಮನೆಗೂ ಸೇರದ ಸಂಖ್ಯೆಗೆ ನಮ್ಮಲ್ಲಿ 'ಒಂಟಿ' ಎಂದು ಹೆಸರು. ಪುಸ್ತಕದಲ್ಲಿ ಅದಕ್ಕೆ ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆಂದು ಎಷ್ಟೋ ಆಮೇಲೆ ತಿಳಿಯಿತು. ನನಗೆ ಒಂಟಿಗಳೇ ಇಷ್ಟ. ಹತ್ತೊಂಬತ್ತು, ಐವತ್ಮೂರು, ಎಂಬತ್ತೊಂಬತ್ತು. ಶಾಲೆಗೆ ಒಬ್ಬಳೇ ಹೋಗುವಾಗ ಅವುಗಳನ್ನೇ ಹೇಳಿಕೊಂಡು ಹೋಗುತ್ತಿದ್ದೆ.

ತೊಂಬತ್ತೊಂದು ನನಗೆ ಸಿಕ್ಕಿದ್ದು ಅಂಗಳದಲ್ಲಿ. ಗೌರತ್ತೆ ಶುಕ್ರವಾರಗಳಲ್ಲಿ ರಂಗೋಲಿಗೆ ಹನ್ನೊಂದರಿಂದ ಆರರವರೆಗಿನ ಸಂದುಚುಕ್ಕಿ ಇಡುತ್ತಿದ್ದಳು. ನಡುಸಾಲಿನಲ್ಲಿ ಹನ್ನೊಂದು ಚುಕ್ಕಿ, ಅದರ ಮೇಲೂ ಕೆಳಗೂ ಸಂದಿನಲ್ಲಿ ಹತ್ತು ಹತ್ತು, ಆಮೇಲೆ ಒಂಬತ್ತು, ಎಂಟು, ಏಳು, ಕೊನೆಗೆ ಆರು. ಗೆರೆ ಎಳೆಯುವ ಮೊದಲು ಅದು ಆರು ಮೂಲೆಯ ಬಯಲಿನಂತೆ ಕಾಣುತ್ತಿತ್ತು. ಒಂದು ಶುಕ್ರವಾರ ಕುಕ್ಕರುಗಾಲಲ್ಲಿ ಕುಳಿತು ಎಣಿಸಿದೆ. ತೊಂಬತ್ತೊಂದು. ನಟ್ಟನಡುವಿನ ಒಂದೇ ಚುಕ್ಕಿಯಿಂದ ಎಣಿಸಿದರೆ ಅದರ ಸುತ್ತ ಆರು, ಅದರಾಚೆ ಹನ್ನೆರಡು, ಹದಿನೆಂಟು, ಇಪ್ಪತ್ನಾಲ್ಕು, ಮೂವತ್ತು. ಹೀಗೆ ಕೂಡಿದರೂ ಅದೇ ಬಂತು. ಒಂದು ಚುಕ್ಕಿಯನ್ನು ಇಷ್ಟು ಜನ ಸುತ್ತುವರಿದು ನಿಂತಿದ್ದಾರಲ್ಲ ಎನ್ನಿಸಿತು. ಮನೆ ಹುಡುಕಿದೆ. ಎರಡರದಲ್ಲ, ಮೂರರದಲ್ಲ, ಐದರದಲ್ಲ. ಏಳರ ಮಗ್ಗಿ ಎಪ್ಪತ್ತಕ್ಕೇ ನಿಂತುಬಿಡುತ್ತದೆ. ಹನ್ನೊಂದರಲ್ಲಿ ಎಂಬತ್ತೆಂಟರಿಂದ ತೊಂಬತ್ತೊಂಬತ್ತಕ್ಕೆ ಹಾರುತ್ತದೆ, ಹದಿನಾಲ್ಕರಲ್ಲಿ ಎಂಬತ್ನಾಲ್ಕರಿಂದ ತೊಂಬತ್ತೆಂಟಕ್ಕೆ. ಇಪ್ಪತ್ತರವರೆಗೂ ಸಿಗಲಿಲ್ಲ. ಸಂಜೆ ಮಗ್ಗಿಯಾದ ಮೇಲೆ ಆವತ್ತು ನಾನೇ ಕೇಳಿದೆ.

"ಅಪ್ಪ, ತೊಂಬತ್ತೊಂದು ಒಂಟಿ ಅಲ್ವಾ?"

ಅಪ್ಪ ದೀಪದ ಬತ್ತಿ ಸರಿಮಾಡಿದರು. ಆಮೇಲೆ ಹೇಳಿದರು.

"ಒಂಟಿ ಅಂತಲೇ ಇಟ್ಕೊ."

ಇಟ್ಟುಕೊಂಡೆ. ನಾನೇ ಹುಡುಕಿದ ಮೊದಲ ಒಂಟಿ ಅದು. ರಾಗಿ ಕೋಣೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಒಂಟಿಗಳ ಪಟ್ಟಿ ಬರೆದಿದ್ದೆ. ಕೊನೆಯಲ್ಲಿದ್ದ ತೊಂಬತ್ತೇಳರ ಮೇಲೆ ಅದನ್ನೂ ಸೇರಿಸಿದೆ. ನೂರರೊಳಗೆ ಇಪ್ಪತ್ತೈದು ಎಂದು ಲೋಕಕ್ಕೆಲ್ಲ ಗೊತ್ತು. ನಮ್ಮ ಬಾಗಿಲ ಹಿಂದೆ ಇಪ್ಪತ್ತಾರಿದ್ದವು.

ಅದೇ ಮಳೆಗಾಲ ಅಪ್ಪನಿಗೆ ವರ್ಗವಾಯಿತು. ಚನ್ನರಾಯಪಟ್ಟಣದಿಂದಾಚೆ, ಎರಡು ಬಸ್ಸು ಹತ್ತಿ ಹೋಗಬೇಕಾದ ಹಳ್ಳಿ. ದೀಪಾವಳಿ ಕಳೆದು ಹೋಗಿ ಸೇರಬೇಕಿತ್ತು. ಆ ಸುದ್ದಿ ತಂದ ಸಂಜೆ ಅವರು ಆಟ ನಿಲ್ಲಿಸಿ ನನ್ನನ್ನು ಹತ್ತಿರ ಕರೆದರು.

"ಪರೀಕ್ಷೆ ಮುಗೀಲಿ ವನಜಿ. ಬೇಸಿಗೇಲಿ ಬಂದು ಕರ್ಕೊಂಡು ಹೋಗ್ತೀನಿ. ಅಲ್ಲಿ ನನ್ನ ಸ್ಕೂಲಿಗೇ ಸೇರ್ಕೊಳ್ಳುವೆಯಂತೆ."

"ನಾವಿಬ್ರೇನಾ?"

"ಇಬ್ರೇ. ಅಡಿಗೆ ಯಾರು ಮಾಡ್ತಾರೆ ಅಂತ ಕೇಳ್ಬೇಡ, ಅದು ನಂಗೂ ಗೊತ್ತಿಲ್ಲ."

ಅಪ್ಪ ತಮಾಷೆ ಮಾಡಿದ್ದನ್ನು ಅದಕ್ಕೆ ಮುಂಚೆ ಕೇಳಿದ ನೆನಪಿಲ್ಲ. ಆವತ್ತಿನಿಂದ ಆ ಹಳ್ಳಿಯ ಹೊರತು ನನಗೆ ಬೇರೆ ಯೋಚನೆಯೇ ಇರಲಿಲ್ಲ. ಮನೆಯಲ್ಲಿ ಅಜ್ಜಿ ಬೈದರೆ, ಶಾಲೆಯಲ್ಲಿ ಯಾರೂ ಪಕ್ಕದಲ್ಲಿ ಕೂರದಿದ್ದರೆ, ಬೇಸಿಗೆಗೆ ಇನ್ನೆಷ್ಟು ವಾರ ಎಂದು ಎಣಿಸುತ್ತಿದ್ದೆ.

ಮಹಾನವಮಿ ರಜೆ ಮುಗಿದ ವಾರ ನಮ್ಮ ಟೀಚರ್ ಯಾವ ಮಗ್ಗಿಗೂ ಸಿಗದ ಸಂಖ್ಯೆಗಳನ್ನು ಹೇಳಿ ಎಂದರು. ನನ್ನ ಜೀವಮಾನದಲ್ಲೇ ನಾನು ಕೈಯೆತ್ತಿದ್ದು ಅದೇ ಮೊದಲು. ಬೇರೆಯವರು ಹನ್ನೊಂದು, ಹದಿನೇಳು ಎಂದು ಚಿಕ್ಕಚಿಕ್ಕವನ್ನು ಹೇಳಿದರು. ನಾನು ಎದ್ದು ನಿಂತು ತೊಂಬತ್ತೊಂದು ಎಂದೆ. ಟೀಚರ್ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ರತ್ನ ನಕ್ಕಳು. ಕೊಬ್ಬರಿ ವ್ಯಾಪಾರದವರ ಮನೆಯ ಹುಡುಗಿ. ಅವರ ಮನೆಯಲ್ಲಿ ಮೂವತ್ತರವರೆಗೆ ಮಗ್ಗಿ ಹೇಳಿಸುತ್ತಿದ್ದರು.

"ಲೇ ಅಮ್ಮಿ, ಹದಿಮೂರೇಳ್ಲ ಎಷ್ಟು? ತೊಂಬತ್ತೊಂದಲ್ವೇನೇ? ಮೇಷ್ಟ್ರ ಮಗ್ಳಂತೆ, ಮಗ್ಗಿನೇ ಬರಾಕಿಲ್ಲ!"

"ಅವ್ರಪ್ಪಂಗೂ ಬರಾಕಿಲ್ವೇನೋ ಬುಡೇ" ಎಂದಳು ಇನ್ನೊಬ್ಬಳು.

ನನ್ನನ್ನು ನೋಡಿ ನಕ್ಕಿದ್ದು ನೋಯಲಿಲ್ಲ, ಅಪ್ಪನನ್ನು ಆಡಿಕೊಂಡು ನಕ್ಕಿದ್ದು ನೋಯಿತು. ಊಟದ ಬಿಡುವಿನಲ್ಲಿ ರತ್ನಳ ಮುಂದೆ ಹೋಗಿ ನಿಂತು ಆ ಮಗ್ಗಿ ಹೇಳಿಕೊಡು ಎಂದೆ. ಅವಳು ಕೆಟ್ಟವಳಲ್ಲ, ಹೇಳಿಕೊಟ್ಟಳು. ನನ್ನ ಬುತ್ತಿಯಲ್ಲಿದ್ದ ಕೋಡುಬಳೆ ಅಷ್ಟನ್ನೂ ತಿಂದಳು. ಮನೆಗೆ ಬರುವ ದಾರಿಯುದ್ದಕ್ಕೂ ಉರು ಹೊಡೆದೆ. ನಮಗೆ ಗೊತ್ತಿಲ್ಲದ ಮಗ್ಗಿಯೊಂದನ್ನು ಅಪ್ಪನಿಗೆ ತಂದುಕೊಡುತ್ತಿದ್ದೇನೆ, ಇನ್ನು ಯಾರೂ ಅವರನ್ನು ಆಡಿಕೊಂಡು ನಗುವಂತಿಲ್ಲ ಎಂದು ನನ್ನ ಲೆಕ್ಕ. ಸಂಜೆ ಹನ್ನೆರಡು ಹತ್ತಲ ಮುಗಿದಾಗ ಅಪ್ಪ ಹ್ಞೂ ಎನ್ನುವ ಮೊದಲೇ ಶುರುಮಾಡಿದೆ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು.

ಅಡುಗೆಮನೆಯಿಂದ ಅಜ್ಜಿ ಸೌಟು ಹಿಡಿದುಕೊಂಡೇ ಓಡಿಬಂದಳು.

"ಮುಚ್ಚೇ ಬಾಯಿ! ದೀಪದ ಮುಂದೆ ಕೂತು ಅದನ್ನ ಹೇಳ್ತೀಯಾ? ಸಾವಿನ ಮನೆ ಊಟದ ದಿನ ಕಣೇ ಅದು! ಯಾರೇ ಕಲಿಸಿದ್ದು ನಿಂಗೆ?"

ನಾನು ನಿಲ್ಲಿಸಲಿಲ್ಲ. ಅಪ್ಪನನ್ನು ಗೆಲ್ಲಿಸಲು ಹೊರಟವಳಿಗೆ ಅಜ್ಜಿಯ ಮಾತು ಯಾವ ಲೆಕ್ಕ? ಅಪ್ಪನ ಮುಖವನ್ನೇ ನೋಡುತ್ತ ಏಳರವರೆಗೆ ಬಂದೆ. ತೊಂಬತ್ತೊಂದು ಎಂದಾಗ ಅವರು ಎದ್ದು, ಗೂಟದಲ್ಲಿದ್ದ ಅಂಗಿ ತೊಟ್ಟುಕೊಂಡು, ಗುಂಡಿ ಹಾಕಿಕೊಳ್ಳದೆಯೇ ಬೀದಿಗೆ ಇಳಿದುಹೋದರು. ಬೈಯಲಿಲ್ಲ, ಹೊಡೆಯಲಿಲ್ಲ. ಮಾರನೆಯ ಸಂಜೆ ನಾನು ಕೈಕಾಲು ತೊಳೆದು ಬಂದು ಕುಳಿತೆ. ಅಪ್ಪ ಜಗಲಿಯಿಂದ ಒಳಗೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಮಗ್ಗಿ ನಿಂತಿತು, ಆಟ ನಿಂತಿತು. ದೀಪಾವಳಿ ಕಳೆದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಕಟ್ಟಿಕೊಂಡು ಹೊರಟಾಗ ನನ್ನ ತಲೆಯ ಮೇಲೆ ಕೈಯಿಟ್ಟರು. ಬೇಸಿಗೆಯ ಮಾತು ಎತ್ತಲಿಲ್ಲ.

ಈ ವರ್ಷ ಅಪ್ಪ ಹಾಸನದ ನನ್ನ ಮನೆಯಲ್ಲಿ ತೀರಿಕೊಂಡರು. ವಯಸ್ಸಾಗಿತ್ತು, ಹೆಚ್ಚು ನರಳಲಿಲ್ಲ. ಕರ್ಮವನ್ನು ನನ್ನ ಮಗ ಮಾಡಿದ. ಸೂತಕದ ದಿನಗಳಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿದ್ದೆ. ಬಂದವರು ಮಾತಾಡಿಸಿ ಹೋದ ಮೇಲೆ ಸುಮ್ಮನೆ ಕುಳಿತು ದಿನಗಳನ್ನು ಕೂಡುತ್ತಿದ್ದೆ. ಮೊದಲ ದಿನಕ್ಕೆ ಒಂದು, ಎರಡನೆಯ ದಿನಕ್ಕೆ ಎರಡು, ಮೂರನೆಯ ದಿನಕ್ಕೆ ಮೂರು. ಹತ್ತನೆಯ ದಿನ ಐವತ್ತೈದಾಯಿತು. ಹದಿಮೂರನೆಯ ದಿನ ಬಂಧುಗಳೆಲ್ಲ ಊಟಕ್ಕೆ ಕುಳಿತಿದ್ದಾಗ ಒಟ್ಟು ತೊಂಬತ್ತೊಂದಾಯಿತು. ಅಲ್ಲಿ ಯಾರಿಗೆ ಹೇಳಲಿ? ಬಡಿಸುವ ಪಾತ್ರೆ ಹಿಡಿದುಕೊಂಡು ಒಂದು ಗಳಿಗೆ ನಿಂತುಬಿಟ್ಟೆ. ಅಷ್ಟೂ ವರ್ಷ ನನ್ನ ಒಂಟಿ ಸಂಖ್ಯೆಯ ಹೊಟ್ಟೆಯಲ್ಲಿ ಹದಿಮೂರು ದಿನಗಳು ಒಂದರ ಮೇಲೊಂದು ಕುಳಿತಿದ್ದವು. ಇನ್ನೂ ಒಂದನ್ನು ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಹದಿಮೂರರ ಮಗ್ಗಿ ಒಂದಿಲ್ಲದಿದ್ದರೂ ನಮ್ಮ ಆಟಕ್ಕೆ ಏನೂ ಕೊರತೆಯಾಗಬೇಕಿರಲಿಲ್ಲ. ಇಪ್ಪತ್ತಾರನ್ನು ಎರಡು ಹಿಡಿಯುತ್ತದೆ, ಮೂವತ್ತೊಂಬತ್ತನ್ನು ಮೂರು, ಅರವತ್ತೈದನ್ನು ಐದು. ಒಂಟಿಯಲ್ಲದಿದ್ದರೂ ಎರಡು, ಮೂರು, ಐದರ ಕೈ ತಪ್ಪಿಸಿಕೊಂಡು ನೂರರೊಳಗೆ ಅವಿತಿರುವವು ಮೂರೇ: ನಲವತ್ತೊಂಬತ್ತು, ಎಪ್ಪತ್ತೇಳು, ತೊಂಬತ್ತೊಂದು. ಮೊದಲಿನ ಎರಡಕ್ಕೆ ನಮ್ಮಲ್ಲಿ ಮಗ್ಗಿಯಿತ್ತು. ನೂರರಲ್ಲಿ ಒಂದೇ ಒಂದು ಸಂಖ್ಯೆಯ ಬಗ್ಗೆ ನಮ್ಮ ಮನೆ ತಪ್ಪು ತಿಳಿದಿತ್ತು. ನನ್ನ ಕೈಗೆ ಸಿಕ್ಕಿದ್ದು ಅದೇ.

ವರ್ಗವಾಗಿ ಹೋದ ಆ ಚಳಿಗಾಲ ಅಪ್ಪ ಎರಡು ವಾರಕ್ಕೊಮ್ಮೆ ಶನಿವಾರ ಬರುತ್ತಿದ್ದರು. ಊಟ ಆಯಿತಾ, ಶಾಲೆ ಇತ್ತಾ. ಅಷ್ಟೇ ಮಾತು. ಭಾನುವಾರ ಮಧ್ಯಾಹ್ನ ಹೊರಟುಬಿಡುವರು. ಅಜ್ಜಿಯನ್ನು ನಾನು ಮನಸಾರೆ ದ್ವೇಷಿಸಿದೆ. ಅವಳು ಕೂಗದಿದ್ದರೆ ಅಪ್ಪ ಎದ್ದು ಹೋಗುತ್ತಿರಲಿಲ್ಲವೆಂದು ನನ್ನ ನಂಬಿಕೆ. ಅವಳು ಬಡಿಸಿದ್ದನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದೆ. ಅವಳು ಏನೂ ಅನ್ನದೆ ಅದನ್ನೆತ್ತಿ ದನಕ್ಕೆ ಹಾಕುತ್ತಿದ್ದಳು. ಪರೀಕ್ಷೆ ಮುಗಿಯಿತು. ಯುಗಾದಿಯೂ ಕಳೆಯಿತು. ಅಪ್ಪ ಕರೆದುಕೊಂಡು ಹೋಗುವ ಮಾತೇ ಆಡದಿದ್ದಾಗ ಒಂದು ಬೆಳಿಗ್ಗೆ ಗೌರತ್ತೆ ನನ್ನ ಎರಡು ಲಂಗಗಳನ್ನು ಚೀಲಕ್ಕೆ ತುರುಕಿದಳು.

"ನಡಿಯೇ, ನಾವೇ ಹೋಗೋಣ. ಕಣ್ಣೆದುರಿಗೆ ಬಂದು ನಿಂತ ಮಗೂನ ವಾಪಸ್ ಕಳಿಸ್ತಾನಾ ನೋಡೇಬಿಡೋಣ."

ಆ ಹಳ್ಳಿಯಲ್ಲಿ ಅಪ್ಪ ತೆಂಗಿನ ತೋಟದ ಮಾಲೀಕರೊಬ್ಬರ ಮನೆಯ ಮುಂದಿನ ಕೋಣೆಯಲ್ಲಿದ್ದರು. ಯಜಮಾನರನ್ನು ಎಲ್ಲರೂ ಗೌಡ್ರು ಎನ್ನುತ್ತಿದ್ದರು. ನಾವು ಹೋದಾಗ ಅವರು ಕಣದಲ್ಲಿ ಸುಲಿದ ಕಾಯಿ ಒಟ್ಟುತ್ತಿದ್ದರು. ಕೆಳಗೆ ಆರು ಸಾಲು, ಸಾಲಿಗೆ ಆರು. ಅದರ ಮೇಲೆ ಐದು ಸಾಲು ಐದು. ಹೀಗೆ ಏರುತ್ತ ತುದಿಗೆ ಒಂದೇ ಕಾಯಿ.

"ಬನ್ರವ್ವಾ. ಮೇಷ್ಟ್ರು ಇಸ್ಕೂಲ್ತಾವ ಅವ್ರೆ, ಈಗ ಬತ್ತಾರೆ. ಏ ಮಗಾ, ಕೆಳಗ್ಲ ಕಾಯಿ ಮುಟ್ಬ್ಯಾಡ ಕಣವ್ವ, ಎಲ್ಲಾ ಉಳ್ಳೋಯ್ತವೆ."

ಅಪ್ಪ ಬಂದರು. ನಮ್ಮನ್ನು ಕಂಡು ಸೈಕಲ್ಲಿನಿಂದ ಇಳಿದವರು ಅದನ್ನು ನಿಲ್ಲಿಸುವುದನ್ನೇ ಮರೆತು ಹಿಡಿದುಕೊಂಡು ನಿಂತರು. ಗೌಡರೇ ಮೊದಲು ಮಾತಾಡಿದರು.

"ಏನ್ ಮೇಷ್ಟ್ರೇ, ಮಗ್ಳು ಲೆಕ್ಕದಾಗೆ ಉಸಾರು ಅಂತಿದ್ರಲ್ಲ, ಕೇಳಿ ನೋಡಾನ, ಈ ಗುಡ್ಡೇಲಿ ಏಟವೆ ಅಂತ?"

ಅಪ್ಪ ನನ್ನ ಬಗ್ಗೆ ಇಲ್ಲಿ ಹೇಳಿದ್ದರು. ಮನಸ್ಸಿನಲ್ಲೇ ಕೂಡಿದೆ. ಮೂವತ್ತಾರು, ಇಪ್ಪತ್ತೈದು, ಹದಿನಾರು, ಒಂಬತ್ತು, ನಾಲ್ಕು, ಒಂದು. ಮೊತ್ತ ಮತ್ತೆ ತೊಂಬತ್ತೊಂದು. ಆ ಸಂಖ್ಯೆಯನ್ನು ಅಪ್ಪನ ಮುಂದೆ ಇನ್ನೊಮ್ಮೆ ಹೇಳಿದರೆ ಅವರು ಸೈಕಲ್ ಹತ್ತಿ ಹೊರಟುಹೋಗುತ್ತಾರೆ, ನಾನು ಇಲ್ಲಿ ಉಳಿಯುವುದಿಲ್ಲ.

"ತೊಂಬತ್ತು" ಎಂದೆ.

"ಅಯ್, ತುದೀದ್ನೇ ಬುಟ್ಬುಟ್ಲಲ್ಲಪ್ಪ ಮೇಷ್ಟ್ರ ಮಗ್ಳು!" ಗೌಡರು ತೊಡೆ ತಟ್ಟಿ ನಕ್ಕರು.

ಅಪ್ಪ ನಗಲಿಲ್ಲ. ನಾನು ಬೇಕೆಂದೇ ತಪ್ಪು ಹೇಳಿದೆನೆಂದು ಅವರಿಗೆ ತಿಳಿಯಿತು. ಗೌಡರು ಗೌರತ್ತೆಯನ್ನು ಮಜ್ಜಿಗೆಗೆಂದು ಒಳಗೆ ಕರೆದುಕೊಂಡು ಹೋದ ಮೇಲೆ ಅಪ್ಪ ಕಣದ ಕಟ್ಟೆಯ ಮೇಲೆ ಕುಳಿತರು.

"ಅಜ್ಜಿ ಬೇಡ ಅಂದಿದ್ದಲ್ಲ ವನಜಿ. ಆ ಮಗ್ಗಿ ಬೇಡ ಅಂದಿದ್ದು ನಾನು. ನಿಮ್ಮಜ್ಜಿ ಅದನ್ನ ತನ್ನ ಮೇಲೆ ಹಾಕ್ಕೊಂಡ್ಳು."

"ಯಾಕಪ್ಪ?"

"ನಿಮ್ಮಮ್ಮನ ಹದಿಮೂರನೇ ದಿನ. ಮೊದಲ್ನೇ ಪಂಕ್ತಿಗೆ ಎಲೆ ಹಾಕಿದ್ರು. ನೀನು ನನ್ನ ಬೆರಳು ಹಿಡ್ಕೊಂಡು ಒಂದು, ಎರಡು ಅಂತ ಎಲೆ ಎಣಿಸ್ತಾ ಹೋದೆ. ನಿಂಗೆ ಎಣಿಸೋದು ನಾನು ಕಲಿಸಿರಲಿಲ್ಲ. ನಿಮ್ಮಮ್ಮ ಕಲಿಸಿದ್ದಾಳೆ, ನಂಗೆ ಗೊತ್ತೇ ಇಲ್ಲ. ಹದಿಮೂರಕ್ಕೆ ಎಲೆ ಮುಗೀತು. ನೀನು ನಿಂತ್ಕೊಂಡು, ಹದಿಮೂರೇ ಇದೆ, ಅಮ್ಮಂಗೆ ಇಲ್ಲ ಅಂದೆ."

ಅಪ್ಪ ಮುಖ ಒರೆಸಿಕೊಂಡರು.

"ಸ್ಕೂಲಲ್ಲಿ ನಲವತ್ತು ಮಕ್ಕಳು ಕೂಗ್ತಾರೆ, ಏನೂ ಆಗಲ್ಲ. ನಿನ್ನ ಬಾಯಲ್ಲಿ ಕೇಳೋಕ್ಕಾಗಲ್ಲ. ನೀನು ಏನು ಎಣಿಸಿದ್ರೂ ನಂಗೆ ಖುಷಿ. ಏನು ಎಣಿಸಿದ್ರೂ ಆವತ್ತಿನ ಆ ಮಾತೂ ಕೇಳ್ಸತ್ತೆ."

"ಹಾಗಾದ್ರೆ ನನ್ನ ಇಲ್ಲಿ ಇಟ್ಕೊಳ್ಳಲ್ವಾ?"

ಅಪ್ಪ ಎದ್ದು ಸೈಕಲ್ಲನ್ನು ಗೋಡೆಗೆ ಒರಗಿಸಿದರು. ಊಟವಾದ ಮೇಲೆ ಗೌರತ್ತೆ ಅವರನ್ನು ತರಾಟೆಗೆ ತೆಗೆದುಕೊಂಡದ್ದು ಕೋಣೆಯ ಹೊರಗಿದ್ದ ನನಗೆ ಕೇಳಿಸಿತು.

"ಅಲ್ಲಣ್ಣ, ಮಗು ಏನು ಕೊಲೆ ಮಾಡಿದ್ಲಾ? ಮಗ್ಗಿ ಹೇಳಿದ್ಲು!"

"ಇನ್ನೊಂದು ವರ್ಷ ಹೋಗ್ಲಿ ಗೌರಿ. ನಂಗೆ ಇನ್ನೂ ಆಗಲ್ಲ."

ಆ ಇನ್ನೊಂದು ವರ್ಷ ಬರಲೇ ಇಲ್ಲ. ನಾನು ಮದುವೆಯಾಗಿ ಹಾಸನಕ್ಕೆ ಬರುವವರೆಗೂ ಬೆಳೆದದ್ದು ಅಜ್ಜಿಯ ಕೈಯಲ್ಲೇ. ಇದನ್ನು ದೂರೆಂದು ಬರೆಯುತ್ತಿಲ್ಲ. ತನ್ನಿಂದ ಆಗದ್ದನ್ನು ಆಗದು ಎಂದೇ ಒಪ್ಪಿಕೊಳ್ಳುವ ಗಂಡಸರನ್ನು ಆಮೇಲೆ ನಾನು ಹೆಚ್ಚು ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಬಸ್ಸಿನ ಹತ್ತಿರ ಅಪ್ಪ ನನ್ನ ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟರು. ಗೌರತ್ತೆ ಸಿಟ್ಟಿನಿಂದ ಆಚೆ ಕಡೆ ಮುಖ ತಿರುಗಿಸಿ ಕುಳಿತಿದ್ದಳು. ನಾನು ಅಳಬಾರದೆಂದು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಿದ್ದೆ. ಕಂಡಕ್ಟರ್ ರೈಟ್ ಎಂದ. ಬಸ್ಸು ಅಲುಗಿತು. ಅಪ್ಪ ನಾಲ್ಕು ಹೆಜ್ಜೆ ಜೊತೆಗೇ ಬಂದು ಕಿಟಕಿಯ ಸರಳು ಹಿಡಿದರು.

"ನೂರಾ ಅರವತ್ತೊಂಬತ್ತು. ಯಾವ ಮನೆ?"

ನೂರು ದಾಟಿದ ಸಂಖ್ಯೆಯನ್ನು ಅವರು ಎಂದೂ ಕೇಳಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ತಿರುವಿನಲ್ಲಿತ್ತು. ದಾರಿಯುದ್ದಕ್ಕೂ ಹುಡುಕಿದೆ. ಎರಡಲ್ಲ. ಒಂದು, ಆರು, ಒಂಬತ್ತು ಕೂಡಿದರೆ ಹದಿನಾರು, ಮೂರಲ್ಲ. ಐದಲ್ಲ. ಏಳನ್ನು ಸೇರಿಸುತ್ತ ಹೋದರೆ ನೂರಾ ಅರವತ್ತೆಂಟಕ್ಕೆ ಬಂದು ಒಂದು ಉಳಿಯಿತು. ಹನ್ನೊಂದರಲ್ಲಿ ನಾಲ್ಕು ಉಳಿಯಿತು. ಆಮೇಲಿನದನ್ನು ಮುಟ್ಟಲು ಹೆದರಿಕೆಯಾಯಿತು. ಹೊರಗೆ ತೆಂಗಿನ ಸಾಲುಗಳು ಹಿಂದೆ ಹೋಗುತ್ತಿದ್ದವು. ಕೊನೆಗೆ ಮುಟ್ಟಿದೆ. ಹದಿಮೂರು ಹತ್ತಲ ನೂರಾಮೂವತ್ತು. ಇನ್ನೂ ಬೇಕಾದ್ದು ಮೂವತ್ತೊಂಬತ್ತು, ಅದು ಹದಿಮೂರು ಮೂರಲ. ಹದಿಮೂರನ್ನು ಹದಿಮೂರು ಸಲ. ಅದಕ್ಕೆ ಆ ಮನೆಯೊಂದೇ, ಬೇರೆ ಮನೆಯಿಲ್ಲ. ಹೇಳಬೇಕಾದರೆ ಅವರ ಎದುರಿಗೆ ನಿಂತು ಅದನ್ನೇ ಹೇಳಬೇಕು. ಅಪ್ಪ ಗೊತ್ತಿದ್ದೇ ಕೇಳಿದ್ದರು.

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುತ್ತಿದ್ದಾಗ ಗೌರತ್ತೆ ನನ್ನ ಗಲ್ಲ ಹಿಡಿದು ನೋಡಿದಳು.

"ಏನೇ ಅದು, ಅವಾಗಿಂದ ಬಾಯೊಳಗೇ ಗೊಣಗ್ತಿದ್ದೀಯಾ?"

"ಏನಿಲ್ಲ ಅತ್ತೆ" ಎಂದೆ. ಅಪ್ಪ ಬರುವ ಶನಿವಾರಕ್ಕೆ ಇನ್ನೂ ಹತ್ತು ದಿನವಿತ್ತು. ಅಲ್ಲಿಯವರೆಗೆ ಅದನ್ನು ಯಾರಿಗೂ ಹೇಳುವಂತಿರಲಿಲ್ಲ.